ತೆಂಗಿನಕಾಯಿ ನೀರು ಕುಡಿದ ರೇಡಿಯೋ

ರೇಡಿಯೋ ಕೆಟ್ಟಿದ್ದು ತೆಂಗಿನಕಾಯಿ ನೀರಿನಿಂದ. ನಾನು ಮುಟ್ಟಿದ್ದರಿಂದ ಅಲ್ಲ. ನಾನು ಮುಟ್ಟಿಯೇ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣ ಅಂತ ಇಟ್ಟುಕೊಂಡ ಮಾತು ನಮ್ಮ ಮನೆಯಲ್ಲಿ ಯಾವತ್ತೂ ಆಚೆ ಬರಲಿಲ್ಲ, ಯಾರಾದರೂ ನಡುವೆ ಬಾಯಿ ಹಾಕಿ ನುಂಗಿಬಿಡುತ್ತಿದ್ದರು.

ಇಷ್ಟು ವರ್ಷದ ಮೇಲೆ ಇದು ಮತ್ತೆ ನೆನಪಿಗೆ ಬಂದಿದ್ದು ಟಿವಿ ರಿಮೋಟಿನ ದೆಸೆಯಿಂದ. ಈಗ ನಾನಿರುವುದು ಹೊಳಲ್ಕೆರೆಯಲ್ಲಿ, ಮಗ ತಿಪ್ಪೇಶನ ಮನೆಯಲ್ಲಿ. ಅವನಿಗೆ ಅಡಿಕೆ ಮಂಡಿಯಲ್ಲಿ ಕೆಲಸ. ಸಂಜೆ ಬಂದು ಕೈಕಾಲು ತೊಳೆದು, ಒಂದು ತಟ್ಟೆ ಖಾರ ಮಂಡಕ್ಕಿ ಹಾಕಿಸಿಕೊಂಡು ಟಿವಿ ಮುಂದೆ ಕೂತನೆಂದರೆ ಊಟಕ್ಕೇ ಏಳುವುದು. ಮೊನ್ನೆ ರಿಮೋಟು ಕೆಲಸ ಮಾಡಲಿಲ್ಲ. ಒತ್ತಿದ. ಕೆಳತುಟಿ ಕಚ್ಚಿಕೊಂಡು ಒತ್ತಿದ. ಎದ್ದು ಹೋಗಿ ಟಿವಿಯ ಮೂತಿಗೇ ಹಿಡಿದು ಒತ್ತಿದ. ತೊಡೆಗೆ ಬಡಿದ. ಸೆಲ್ಲು ತೆಗೆದು ಅಂಗೈಯಲ್ಲಿ ಉಜ್ಜಿ, ಹಿಂದುಮುಂದು ಮಾಡಿ ಹಾಕಿದ. ಅಂಗಡಿಯಿಂದ ಹೊಸ ಸೆಲ್ಲನ್ನೂ ತಂದು ಹಾಕಿದ. ಊಹೂಂ. ಆಮೇಲೆ ಅಡುಗೆಮನೆ ಕಡೆ ತಿರುಗಿದ.

"ಭಾಗ್ಯ, ಪಾತ್ರೆ ತೊಳೆದ ಕೈಲೇ ಇದನ್ನ ಮುಟ್ಟಿದೀಯಲ್ಲೇ? ನೀರು ಹೋಗೈತೆ ಒಳಗೆ."

ಭಾಗ್ಯ ನನ್ನ ಸೊಸೆ. ಆ ಹುಡುಗಿ ಸಂಜೆಯಿಂದ ಒಲೆ ಮುಂದಿನಿಂದ ಕದಲಿರಲಿಲ್ಲ. ನಾನೇ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ, ಕಣ್ಣಾರೆ ಕಂಡವಳು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ಇರಬೋದು ಬಿಡ್ರಿ. ನಂದೇ ತಪ್ಪು" ಅಂದು ಒಳಗೆ ಹೋದಳು. ಸಾರು ಕುದಿಯುತ್ತಿತ್ತಲ್ಲ, ಜಗಳಕ್ಕೆ ಬಿಡುವಿರಲಿಲ್ಲ.

ನಂದೇ ತಪ್ಪು. ನನಗೆ ಮೈ ಉರಿದುಹೋಯಿತು. ಮಗನ ಮೇಲೆ ಅಲ್ಲ, ಅವನು ಗಂಡಸು. ಸಾಮಾನು ಕೆಟ್ಟರೆ ಮೊದಲು ಸಾಮಾನಿಗೆ ಬಡಿಯುವುದು, ಆಮೇಲೆ ಹೆಂಡತಿ ಕಡೆ ತಿರುಗುವುದು ಅವರ ಜಾಯಮಾನ. ಉರಿದದ್ದು ಆ ಎರಡು ಮಾತಿಗೆ. ಆ ಎರಡು ಮಾತು ನನ್ನ ಬಾಯಿಂದ ಬರಲಿ ಅಂತ ಒಂದು ಹಟ್ಟಿಗೆ ಹಟ್ಟಿಯೇ ಕಾದು ಕೂತಿತ್ತು, ಒಂದು ಕಾಲದಲ್ಲಿ.

ಕೇಳ್ರಿ. ನನ್ನನ್ನು ಕೊಟ್ಟಿದ್ದು ಹಿರಿಯೂರು ತಾಲೂಕಿಗೆ, ಹರಿಯಬ್ಬೆ ಕಡೆಯ ಒಂದು ಹಟ್ಟಿಗೆ. ತವರು ಹೊಸದುರ್ಗದ ಕಡೆ. ಆಗೆಲ್ಲ ಮದುವೆ ಅಂದರೆ ಗಂಡಿಗೆ ಒಂದು ವಾಚು, ಒಂದು ಸೈಕಲ್ಲು, ಒಂದು ರೇಡಿಯೋ. ನಮ್ಮಪ್ಪ ವಾಚು ಕೊಡಲಿಲ್ಲ, ಸೈಕಲ್ಲೂ ಕೊಡಲಿಲ್ಲ, ರೇಡಿಯೋ ಕೊಟ್ಟ. ಕುರಿ ಕಾಯುವವನಿಗೆ ಹೊತ್ತು ನೋಡೋಕೆ ಸೂರ್ಯ ಇದ್ದಾನೆ, ಕಲ್ಲು ಮುಳ್ಳಲ್ಲಿ ಸೈಕಲ್ಲು ಓಡಲ್ಲ, ಮಾತಿಗೊಂದು ಜೊತೆ ಇರಲಿ ಅಂತ ಅವನ ಲೆಕ್ಕ. ಇಟ್ಟಿಗೆಯಷ್ಟು ದಪ್ಪದ ರೇಡಿಯೋ, ಅದಕ್ಕೊಂದು ಚರ್ಮದ ಚೀಲ, ಹೆಗಲಿಗೆ ಹಾಕಿಕೊಳ್ಳೋಕೆ ಪಟ್ಟಿ. ನಮ್ಮ ಯಜಮಾನರು ಅದನ್ನು ಹೆಗಲಿಗೆ ಹಾಕಿ ಕುರಿ ಹೊಡೆದುಕೊಂಡು ಹೊರಟರೆ, ನನ್ನ ಮೇಲೆ ಇಲ್ಲದ ಕಕ್ಕುಲಾತಿ ಅದರ ಮೇಲೆ. ಮಳೆ ಹನಿದರೆ ಕಂಬಳಿ ಅದಕ್ಕೆ, ತಲೆ ನೆನೆಯುವುದು ಇವರದು. ಹಟ್ಟಿಯಲ್ಲಿ ಅದೊಂದೇ ರೇಡಿಯೋ. ಸಂಜೆ ನಮ್ಮ ಜಗಲಿ ಮೇಲೆ ಕೂರೋಕೆ ಜಾಗ ಇರುತ್ತಿರಲಿಲ್ಲ. ಮಳೆ ಬರುತ್ತೋ ಇಲ್ಲವೋ ಅಂತ ಅದು ಹೇಳಬೇಕು, ಮುದುಕರು ಅದಕ್ಕೆ ಎದುರುತ್ತರ ಕೊಡಬೇಕು. "ನಿನಗೇನ್ ಗೊತ್ತೈತಲೇ ನಮ್ಮ ಕಡೆ ಮೋಡ!" ಅಂತ ರೇಡಿಯೋಗೇ ಬೈಯುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಹಾಡು ಕೇಳುತ್ತಿದ್ದೆ. ಹಾಡು ಬಂದಾಗ ರಾಗಿಮುದ್ದೆ ತಿರುವುತ್ತಿದ್ದರೆ ಮುದ್ದೆ ಗಂಟಾಗುತ್ತಿತ್ತು. ಆ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ಆ ವರ್ಷ ಆಯುಧಪೂಜೆ ಬಂತು. ಅವತ್ತು ಬೆಳಿಗ್ಗೆ ನಾನು ಹೊರಗಾದೆ. ನಮ್ಮ ಕಡೆ ಹೊರಗಾದರೆ ಮನೆಯ ಆಚೆ, ಹೊಂಗೆ ಮರದ ಕೆಳಗೆ ಒಂದು ಗುಡಿಸಲು. ಮೂರು ದಿನ ಅಲ್ಲೇ. ಊಟ ದೂರದಿಂದ ತಳ್ಳುತ್ತಿದ್ದರು, ನಾಯಿಗೆ ಹಾಕಿದ ಹಾಗೆ. ನಾಯಿ ಆದರೂ ಆಮೇಲೆ ಒಳಗೆ ಹೋಗುತ್ತಿತ್ತು.

ಅಲ್ಲಿಂದ ನಮ್ಮ ಅಂಗಳ ಕಾಣುತ್ತಿತ್ತು. ಕಂಬಳಿ ಹಾಸಿ ಅದರ ಮೇಲೆ ಕುಡಗೋಲು, ಕೊಡಲಿ, ಗುದ್ದಲಿ, ಕುರಿ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ಎಲ್ಲ ಜೋಡಿಸಿದರು. ನಡುವೆ ರೇಡಿಯೋ. "ಮಾತಾಡೋ ಸಾಮಾನು ಕಣ್ರೋ, ಅದ್ಕೇ ಮೊದ್ಲು ಪೂಜೆ ಆಗ್ಲಿ" ಅಂತ ನಮ್ಮತ್ತೆ. ಚರ್ಮದ ಚೀಲ ಪೂಜೆಗೆ ಆಗದು ಅಂತ ಅದನ್ನು ಬಿಚ್ಚಿ ಪಕ್ಕಕ್ಕೆ ಎಸೆದರು. ಅರಿಶಿನ ಹಚ್ಚಿದರು, ಕುಂಕುಮ ಮೆತ್ತಿದರು, ಚೆಂಡುಹೂವು ಸಿಕ್ಕಿಸಿದರು. ಕಾಯಿ ಒಡೆದರು. ಒಡೆದ ನೀರನ್ನು ನೇಗಿಲು ಕುಡಗೋಲಿಗೆ ಚಿಮುಕಿಸುವುದು ನಮ್ಮಲ್ಲಿ ಅಪ್ಪನ ಕಾಲದಿಂದ ಬಂದದ್ದು. ಕಬ್ಬಿಣಕ್ಕೆ ಏನಾಗುತ್ತೆ? ಒರೆಸಿದರೆ ಹೋಯಿತು. ಆಮೇಲೆ ಜನ ಅಡ್ಡ ನಿಂತರು, ನನಗೆ ಬೆನ್ನುಗಳಷ್ಟೇ ಕಂಡವು.

ಅವತ್ತು ಸಂಜೆ ರೇಡಿಯೋ ಬಾಯಿ ಬಿಡಲಿಲ್ಲ.

ಯಜಮಾನರು ಬಡಿದರು. ಅವರ ತಮ್ಮ ಬಡಿದ. ಪಕ್ಕದ ಮನೆ ಮುದುಕ ಬಂದು ಕಿವಿ ಹತ್ತಿರ ಅಲ್ಲಾಡಿಸಿ, ತೆಂಗಿನಕಾಯಿ ಬಲಿತಿದೆಯೋ ಇಲ್ಲವೋ ನೋಡುವವನ ಹಾಗೆ ತಲೆ ಆಡಿಸಿದ. ಸೆಲ್ಲು ಬಿಸಿಲಿಗೆ ಇಟ್ಟರು. ಒಬ್ಬ ಸೆಲ್ಲಿನ ತುದಿ ನೆಕ್ಕಿ "ಜೀವ ಐತೆ" ಅಂದ, ಇನ್ನೊಬ್ಬ ನೆಕ್ಕಿ "ಇಲ್ಲ" ಅಂದ. ಹಿರಿಯೂರಿಂದ ಹೊಸ ಸೆಲ್ಲು ತಂದರು. ಸದ್ದಿಲ್ಲ. ಇದೆಲ್ಲ ನನಗೆ ಊಟ ತಳ್ಳೋಕೆ ಬಂದ ನಾದಿನಿ ಹೇಳಿ ಹೇಳಿ ನಗುತ್ತಿದ್ದಳು. ನಾನೂ ನಕ್ಕೆ. ನಗಬಾರದಿತ್ತು, ಅಷ್ಟರಲ್ಲಿ ಅಲ್ಲಿ ನನ್ನ ಪಂಚಾಯಿತಿ ಮುಗಿದಿತ್ತು.

ನೀರು ಹಾಕಿಕೊಂಡು ಒಳಗೆ ಬಂದ ದಿನ ಅತ್ತೆ ಜಗಲಿ ಮೇಲೆ ಕೂತು, ನನಗಲ್ಲ, ಬೀದಿಗೆ ಹೇಳಿದರು.

"ಹಬ್ಬದ ಹಿಂದಿನ ಸಂಜೇನೇ ಇವಳು ಹೊರಗಾಗಿದ್ಲು. ಹಾಡು ಕೇಳೋ ಆಸೆಗೆ ಮುಚ್ಚಿಟ್ಕಂಡು, ರೇಡಿಯೋ ಮುಟ್ಟಿ ಕುಂತವ್ಳೆ. ಅದ್ಕೇ ಅದು ಬಾಯಿ ಕಟ್ಕಂಡೈತೆ. ಸೋಮವಾರ ಮನೆದೇವ್ರ ಗುಡೀಗೆ ಬಂದು ತಪ್ಪುಕಾಣಿಕೆ ಹಾಕ್ಲಿ. ನಾಕು ಜನ್ರ ಮುಂದೆ ನಂದೇ ತಪ್ಪು ಅನ್ಲಿ."

"ಅತ್ತೆ, ನಾನು ಬೆಳಿಗ್ಗೆನೇ ಹೊರಗಾಗಿದ್ದು. ಮುಟ್ಟಿಲ್ಲ" ಅಂದೆ.

"ಕಳ್ಳಿ ಯಾವತ್ತು ಹೌದು ಅಂದವ್ಳೆ?"

ಈಗ ನೀವೇ ಹೇಳ್ರಿ, ನಾನು ಯಾವಾಗ ಹೊರಗಾದೆ ಅನ್ನೋದಕ್ಕೆ ಸಾಕ್ಷಿ ಎಲ್ಲಿಂದ ತರಲಿ? ತಪ್ಪುಕಾಣಿಕೆ ಅಂದರೆ ದೇವರ ತಟ್ಟೆಗೆ ಒಂದು ಕಾಸು ಹಾಕಿ ತಪ್ಪಾಯಿತು ಅನ್ನುವುದು, ಅಷ್ಟೇ. ಆದರೆ ಒಂದು ಸಲ ಅಂದೆನೋ, ಮುಗಿಯಿತು. ನಾಳೆ ಕುರಿಗೆ ರೋಗ ಬಂದರೆ ಇವಳು ಮುಚ್ಚಿಟ್ಟವಳು, ಇವಳಿಂದ. ಮಗುವಿಗೆ ಜ್ವರ ಬಂದರೆ ಇವಳಿಂದ. ಬಾವಿ ಬತ್ತಿದರೂ ಇವಳಿಂದ. ಸಾಯುವವರೆಗೂ ಆ ಹಟ್ಟಿಯ ಕೆಟ್ಟದ್ದಕ್ಕೆಲ್ಲ ನನ್ನ ಮನೆ ಬಾಗಿಲೇ ವಿಳಾಸ. ಯಜಮಾನರ ಮುಖ ನೋಡಿದೆ. ಅವರು ಕುರಿ ಕಾಲಿನ ಮುಳ್ಳು ಕೀಳುತ್ತಿದ್ದರು. ಬಹಳ ಹೊತ್ತು ಕಿತ್ತರು. ಅಷ್ಟು ಮುಳ್ಳು ಯಾವ ಕುರಿಯ ಕಾಲಲ್ಲೂ ಇರುವುದಿಲ್ಲ.

ಮಾರನೆ ದಿನ ಎಲ್ಲರೂ ಕಡಲೆಕಾಯಿ ಕೀಳೋಕೆ ಹೊಲಕ್ಕೆ ಹೋದರು. ನಾನು ಮನೆಯಲ್ಲಿ ಒಬ್ಬಳೇ. ಗೂಡಿನಲ್ಲಿ ರೇಡಿಯೋ ಇತ್ತು. ನೋಡುತ್ತೇನೆ, ಗೋಡೆ ಹಿಡಿದು ಸಣ್ಣ ಇರುವೆ ಸಾಲು. ಮೇಲೆ ಹತ್ತಿ, ಗೂಡಿಗೆ ಇಳಿದು, ಸೀದಾ ರೇಡಿಯೋದ ಜಾಲರಿಯ ಒಳಕ್ಕೆ. ಒಂದಷ್ಟು ಹೋಗುತ್ತಿವೆ, ಒಂದಷ್ಟು ಬರುತ್ತಿವೆ, ಸಂತೆಗೆ ಹೋಗಿಬಂದ ಹಾಗೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇಷ್ಟು ಗೊತ್ತಿತ್ತು: ಇರುವೆ ಮೈಲಿಗೆ ಹುಡುಕಿಕೊಂಡು ಬರುವುದಿಲ್ಲ. ಸಿಹಿಗೆ ಬರುತ್ತೆ.

ಹೇಗೂ ಮುಟ್ಟಿದವಳು ಅನ್ನಿಸಿಕೊಂಡಾಗಿದೆ, ಮುಟ್ಟಿಯೇ ಬಿಡೋಣ ಅಂತ ಕೆಳಗೆ ಇಳಿಸಿದೆ. ಉಣ್ಣೆ ಕತ್ತರಿಯ ತುದಿ ಕೊಟ್ಟು ಹಿಂದಿನ ತಿರುಪು ತಿರುಗಿಸಿದೆ. ಏನಾದರೂ ಮುರಿದರೆ ಅದೂ ನನ್ನ ತಲೆಗೇ. ಮುಚ್ಚಳ ಬಂತು. ಒಳಗೆ ಪೂಜೆಗೆ ಪೂಜೆಯೇ ಇತ್ತು ನೋಡ್ರಿ! ಕುಂಕುಮ ಕೆಸರಾಗಿ ಒಣಗಿದೆ. ಚೆಂಡುಹೂವಿನ ಎಸಳು ಅಂಟಿಕೊಂಡಿದೆ. ಅಕ್ಕಿಕಾಳು ಎರಡು ಮೂರು. ಎಲ್ಲದರ ಮೇಲೆ ಬೆಲ್ಲದ ಪಾಕದ ಹಾಗೆ ಜಿಗಟು. ಸೆಲ್ಲು ಕೂರುವ ತಂತಿಗೆ ಹಸಿರು ಕಿಲುಬು ಹಿಡಿದಿದೆ. ಇರುವೆಗಳಿಗೆ ಮೃಷ್ಟಾನ್ನ.

ಒಳಗಿನ ತಂತಿ ಗಿಂತಿ ಏನೇನೋ ನನಗೆ ತಿಳಿಯದು. ತಿಳಿಯದ್ದನ್ನು ಮುಟ್ಟಲಿಲ್ಲ. ಒರೆಸಬಹುದಾದ್ದನ್ನು ಹಳೆ ಸೀರೆಯ ಚೂರಿನಿಂದ ಒರೆಸಿದೆ. ಸಂದಿಗೆ ಪೊರಕೆ ಕಡ್ಡಿ ತುದಿಗೆ ಬಟ್ಟೆ ಸುತ್ತಿ ಹಾಕಿದೆ. ಕಿಲುಬನ್ನು ಕತ್ತರಿ ತುದಿಯಿಂದ ಹೆರೆದೆ, ತಂತಿ ಬೆಳ್ಳಗಾಗುವ ತನಕ. ಇರುವೆಗಳನ್ನು ಊದಿದೆ. ಆಮೇಲೆ ಬಿಸಿಲಿಗೆ ಇಟ್ಟು, ಕೋಳಿ ತುಳಿಯದ ಹಾಗೆ ಕಾಯುತ್ತಾ ಕೂತೆ, ಹಪ್ಪಳ ಕಾಯುವವಳ ಹಾಗೆ. ಹೊತ್ತು ಇಳಿದ ಮೇಲೆ ಸೆಲ್ಲು ಹಾಕಿ ಕಿವಿ ತಿರುಗಿಸಿದೆ. ಕರ್ ಅಂತು. ಇನ್ನೊಂಚೂರು ತಿರುಗಿಸಿದೆ. ಒಬ್ಬ ಗಂಡಸು ಯಾವುದೋ ಊರಿನ ಕೊಬ್ಬರಿ ಧಾರಣೆ ಓದುತ್ತಿದ್ದ. ಅಷ್ಟು ಇಂಪಾದ ಧಾರಣೆ ನಾನು ಆಮೇಲೆ ಕೇಳಿಲ್ಲ.

ಹೊಲದಿಂದ ಬಂದವರು ಅಂಗಳದಲ್ಲೇ ನಿಂತುಬಿಟ್ಟರು. ನಾನು ಕೆಂಪಾದ ಬಟ್ಟೆ, ಹೂವಿನ ಎಸಳು, ಅಕ್ಕಿಕಾಳು ಎಲ್ಲವನ್ನೂ ಮೊರದಲ್ಲಿ ಇಟ್ಟು ಅತ್ತೆ ಮುಂದೆ ಹಿಡಿದೆ. "ನೋಡ್ರಿ ಅತ್ತೆ. ನೀವು ಒಡೆದ ಕಾಯಿ ನೀರು ಇದ್ರೊಳಗೆ ಹೋಗೈತೆ. ಇರುವೆ ಕಟ್ಟಿತ್ತು."

ಅತ್ತೆ ಮೊರದ ಕಡೆ ನೋಡಲೇ ಇಲ್ಲ. ಕೈ ಎತ್ತಿ ಮುಗಿದರು. "ಮುಡಿಪು ಕಟ್ಟಿದ್ದೆ ಕಣ್ರೋ! ಫಲ ಕೊಟ್ಟ ನೋಡ್ರಿ ನಮ್ಮಪ್ಪ ಸ್ವಾಮಿ! ಸೋಮವಾರ ಕಾಣಿಕೆ ಮಾತ್ರ ತಪ್ಪಿಸಂಗಿಲ್ಲ. ಆಡಿದ ಮಾತು ದೇವ್ರು ಕೇಳಿಸ್ಕಂಡೈತೆ."

ಕುರಿ ದೊಡ್ಡಿ ಹತ್ತಿರ ಯಜಮಾನರು ಸಿಕ್ಕಿದರು. ಅತ್ತಿತ್ತ ನೋಡಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. "ನಾನು ನೋಡಿದ್ದೆ ಕಣೇ. ಅವ್ವ ನೀರು ಸುರಿದದ್ದು. ನನ್ನ ಟವಲಿಂದ ನಾನೇ ಒರಸ್ದೆ. ಒಳಗೆ ಹೋಗೈತೆ ಅಂತ ಆವಾಗ್ಲೇ ಅನ್ಸಿತ್ತು."

"ಮತ್ತೆ ಯಾಕ್ರೀ ಬಾಯಿ ಬಿಡ್ಲಿಲ್ಲ?"

"ಅವ್ವಂಗೆ ಹೆಂಗೆ ಹೇಳಾದು?"

ಅತ್ತೆ ಮೇಲಿನ ಸಿಟ್ಟು ಅತ್ತೆ ಜೊತೆಗೇ ಮಣ್ಣಾಯಿತು. ಅವರಿಗೆ ಅದು ನಿಜ ಅಂತಲೇ ಅನ್ನಿಸಿತ್ತು, ನಂಬಿದ್ದರು, ನಂಬಿಕೊಂಡೇ ಹೋದರು. ಇವರದು ಹಾಗಲ್ಲ. ಇವರು ಕಂಡಿದ್ದರು. ಕಂಡೂ ಮುಳ್ಳು ಕೀಳುತ್ತಾ ಕೂತಿದ್ದರು. ಇವತ್ತಿಗೂ ನಮ್ಮ ಕಡೆಯವರು, "ನಿಮ್ಮ ಯಜಮಾನ್ರು ದೇವರಂಥಾ ಮನುಷ್ಯ, ಒಬ್ರಿಗೆ ಒಂದು ಮಾತು ಅಂದೋರಲ್ಲ" ಅಂತಾರೆ. ನಿಜ. ಅಂದವರಲ್ಲ. ಅನ್ನಬೇಕಾದಾಗಲೂ ಅಂದವರಲ್ಲ. ಹೊಡೆಯಲಿಲ್ಲ, ಕುಡಿಯಲಿಲ್ಲ, ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಅವರು ಸತ್ತಾಗ ನಾನು ಕಣ್ಣೀರೂ ಹಾಕಿದೆ. ಆದರೆ ಈ ಒಂದು ವಿಷಯದಲ್ಲಿ ಅವರನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತಾರೆ. ಬದುಕಿದ್ದಾಗ ಇಟ್ಟುಕೊಳ್ಳೋಕೆ ಬಿಟ್ಟರೇನು?

ಸೋಮವಾರ ಕರೆದುಕೊಂಡು ಹೋದರು. ರೇಡಿಯೋ ಮನೆಯಲ್ಲಿ ಹಾಡುತ್ತಿತ್ತು, ನಾನು ಗುಡಿಯಲ್ಲಿ ನಿಂತಿದ್ದೆ. ಪೂಜಾರಿ "ಹೇಳವ್ವ" ಅಂದ. ನಾನು ಹಲ್ಲು ಕಚ್ಚಿದೆ. ಹೇಳಲಿಲ್ಲ. ಅತ್ತೆ ನನ್ನ ಕೈಗೆ ಕಾಸು ಇಟ್ಟು, ಮಣಿಕಟ್ಟು ಹಿಡಿದು ತಟ್ಟೆಯ ಮೇಲೆ ಬಗ್ಗಿಸಿ, "ನಮ್ಮ ಸೊಸೆದೇ ತಪ್ಪು, ಹೊಟ್ಟೆಗೆ ಹಾಕ್ಕೋ ಸ್ವಾಮಿ" ಅಂತ ತಾವೇ ಅಂದರು. ಕಾಸು ಬಿತ್ತು. ಹಿಂದೆ ಯಜಮಾನರು ಕೈ ಮುಗಿದು ನಿಂತಿದ್ದರು. ನಾನು ಅನ್ನದಿದ್ದರೆ ಏನಾಯಿತು, ಹಟ್ಟಿಗೆ ಕೇಳಿಸಬೇಕಾದ್ದು ಕೇಳಿಸಿತ್ತು. ಆಮೇಲೆ ಒಂದು ಕುರಿ ಕೆಮ್ಮಿದರೂ ಹೆಂಗಸರು ನನ್ನ ಕಡೆ ತಿರುಗಿ ನೋಡುತ್ತಿದ್ದರು.

ಇದಿಷ್ಟೂ ಮೊನ್ನೆ ಅವರೆಕಾಯಿ ಸುಲಿಯುತ್ತಾ ಕೂತಲ್ಲೇ ನನ್ನ ತಲೆಯಲ್ಲಿ ಹಾದುಹೋಯಿತು. ಅವತ್ತು ನನ್ನನ್ನು ಮಣಿಕಟ್ಟು ಹಿಡಿದು ಬಗ್ಗಿಸಬೇಕಾಯಿತು. ಈ ಹುಡುಗಿ ಆ ಮಾತನ್ನು ತಾನಾಗಿಯೇ ಕೊಟ್ಟುಬಿಟ್ಟಳಲ್ಲ, ಸಾರು ಉಕ್ಕೀತು ಅಂತ! ಅವಳಿಗೆ ಅದು ಬರೀ ಮಾತು. ದಿನಕ್ಕೆ ಎಷ್ಟು ಸಲ ಅನ್ನುತ್ತಾಳೋ, ಅವಳಿಗೇ ಲೆಕ್ಕ ಇರಲಿಕ್ಕಿಲ್ಲ. ಇನ್ನೊಂದು ವಿಷಯ ಹೊಳೆದು ನನ್ನ ಸಿಟ್ಟು ಮಗ್ಗುಲು ಬದಲಾಯಿಸಿತು. ಅವಳು ಒಲೆ ಬಿಟ್ಟು ಕದಲಿಲ್ಲ ಅಂತ ಕಂಡವಳು ನಾನು. ಕಂಡೂ ಅವರೆಕಾಯಿ ಸುಲಿಯುತ್ತಿದ್ದೇನೆ.

ಮಾರನೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಚಾಕುವಿನ ತುದಿ ಹಾಕಿ ರಿಮೋಟಿನ ಹೊಟ್ಟೆ ಬಿಚ್ಚಿದೆ. ನೀರಿನ ಹನಿ ಇರಲಿಲ್ಲ. ಗುಂಡಿಗಳ ಕೆಳಗಿನ ರಬ್ಬರ್ ಹಾಳೆಯ ತುಂಬಾ ಮಂಡಕ್ಕಿಯ ಎಣ್ಣೆ, ಖಾರದಪುಡಿ, ಈರುಳ್ಳಿಯ ಒಂದು ಚೂರು. ಒರೆಸಲಿಲ್ಲ. ಹಾಗೇ ತಟ್ಟೆಯಲ್ಲಿ ಇಟ್ಟು ತಿಪ್ಪೇಶನ ಮುಂದೆ ಇಟ್ಟೆ. ಒಳಗಿಂದ ಭಾಗ್ಯಳನ್ನು ಕರೆದು ಎದುರಿಗೆ ಕೂರಿಸಿದೆ.

"ಏನವ್ವ ಇದು ಬೆಳಬೆಳಿಗ್ಗೆ?" ಅಂದ.

"ನೀನು ನಿನ್ನೆ ತಿಂದಿದ್ದು. ಇವಳು ಮುಟ್ಟಿರ್ಲಿಲ್ಲ, ನಾನು ನೋಡಿದ್ದೆ. ನಿನ್ನೆನೇ ಹೇಳ್ಬೇಕಿತ್ತು, ಈಗ ಹೇಳ್ತಾ ಇದೀನಿ. ತಪ್ಪು ಯಾರ್ದು ಅಂತ ಈಗ ನೀನು ಹೇಳು."

"ಅಯ್ಯೋ ಬಿಡ್ರಿ ಅತ್ತೆ, ಅದ್ಯಾವ ದೊಡ್ಡ ವಿಷ್ಯ" ಅಂತ ಭಾಗ್ಯ ಏಳೋಕೆ ಹೋದಳು. ಅವಳ ಭುಜ ಒತ್ತಿ ಕೂರಿಸಿದೆ.

ತಿಪ್ಪೇಶ ತಟ್ಟೆ ನೋಡಿದ, ನೆಲ ನೋಡಿದ. "ನಂದೇ ತಪ್ಪು" ಅಂದ, ನೆಲಕ್ಕೆ.

"ನೆಲ ಒಲೆ ಮುಂದೆ ಬೆಂದಿಲ್ಲ ಕಣಲೇ. ಅವಳ ಮುಖ ನೋಡಿ ಹೇಳು."

ಮುಖ ನೋಡಿ ಹೇಳಿದ. ಆಮೇಲೆ ಅವನ ಕೈಗೆ ಒಂದು ಬಟ್ಟೆ ಕೊಟ್ಟು, ನಾನು ಕಾಫಿಗೆ ನೀರಿಟ್ಟೆ.