ವಕೀಲಮ್ಮನ ಸನ್ಮಾನ

ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯಲ್ಲಿದ್ದವರು ಉಡುಪಿ ಕಡೆಯ ಒಬ್ಬ ವಕೀಲೆ. ಸಂಜೆ ಲೋಕಲ್ ಟ್ರೇನ್ ಇಳಿದು ಬಂದು ಕರಿ ಕೋಟನ್ನು ಬಾಗಿಲ ಹಿಂದೆ ನೇತುಹಾಕುವಷ್ಟರಲ್ಲಿ ಯಾರಾದರೂ ಕಣ್ಣೊರೆಸಿಕೊಳ್ಳುತ್ತ ಬಂದು ನಿಂತಿರುತ್ತಿದ್ದರು. ಸೆರಗಿನಲ್ಲಿ ಕನ್ನಡಕ ಉಜ್ಜುತ್ತ ವಕೀಲಮ್ಮ ಹೇಳುತ್ತಿದ್ದುದು ಒಂದೇ ಮಾತು: "ಮೊದಲು ಕೂತ್ಕೊಳ್ಳಿ ಮಾರಾಯ್ರೆ, ಕೋರ್ಟು ಎಲ್ಲಿಗೂ ಓಡಿ ಹೋಗುದಿಲ್ಲ." ಬಡವರಿಂದ ಅವರು ಫೀಸು ತೆಗೆದುಕೊಂಡದ್ದನ್ನು ನಾನು ಕಾಣೆ.

ಆ ಸೇವೆಗಾಗಿ ನಮ್ಮ ಕಡೆಯವರೆಲ್ಲ ಸೇರಿ ದಾದರಿನ ಒಂದು ಸಭಾಂಗಣದಲ್ಲಿ ಅವರನ್ನು ಸನ್ಮಾನಿಸಿದರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಶಾಲು ಹೊದಿಸಿದ ಮೇಲೆ ನಿರೂಪಕರು ಹೆಂಗಸೊಬ್ಬಳನ್ನು ವೇದಿಕೆಗೆ ಕರೆದರು. ಗಂಡನ ಹೊಡೆತದಿಂದ ವಕೀಲಮ್ಮ ಅವಳನ್ನು ಪಾರು ಮಾಡಿದ್ದರು. "ಈ ತಂಗಿ ಅನುಭವಿಸಿದ ನರಕವನ್ನು ಕೇಳಿ," ಎಂದು ನಿರೂಪಕರು ಶುರುಮಾಡಿದ್ದೇ ತಡ, ಅವಳ ತಲೆ ತಗ್ಗಿತು.

ವಕೀಲಮ್ಮ ಎದ್ದು ಬಂದು ಮೈಕಿಗೆ ಕೈ ಅಡ್ಡ ಹಿಡಿದರು.

"ಅದು ಕೋರ್ಟಿನಲ್ಲಿ ಮುಗಿದ ವಿಷಯ. ಇಲ್ಲಿ ಎಂತಕ್ಕೆ ತೆಗೀತೀರಿ? ಹೇಳುದಿದ್ರೆ ಅವಳೇ ಹೇಳ್ತಾಳೆ."

ನಿರೂಪಕರು ಮುಖ ಸಣ್ಣದು ಮಾಡಿಕೊಂಡು ಪಕ್ಕಕ್ಕೆ ಸರಿದರು. ವಕೀಲಮ್ಮ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಆ ಹೆಂಗಸು ತಾನೇ ಮೈಕು ಹಿಡಿದಳು.

"ನಾನೀಗ ಬೈಕುಲ್ಲಾದಲ್ಲಿ ಸಣ್ಣ ಖಾನಾವಳಿ ಇಟ್ಟಿದ್ದೇನೆ. ಮೀನಿನ ಊಟ ಫಸ್ಟ್ ಕ್ಲಾಸ್ ಇರ್ತದೆ. ಎಲ್ಲರೂ ಬನ್ನಿ, ಆಯ್ತಾ?"

ಚಪ್ಪಾಳೆ ಬೀಳುವ ಮೊದಲೇ ವಕೀಲಮ್ಮ ತಮ್ಮ ಕುರ್ಚಿಯಿಂದ ಕೂಗಿ ಕೇಳಿದರು: "ಬಂಗುಡೆ ಉಂಟಾ?"

"ದಿನಾ ಉಂಟು, ಮೇಡಂ," ಎಂದು ಅವಳು ಮೈಕಿನಲ್ಲೇ ಜೋರಾಗಿ ನಕ್ಕಳು.