ಅಡ್ಮಿನ್ ಭಾವ

ನಮ್ಮ ಮನೆಯ ಕಂಪ್ಯೂಟರ್ ಕೆಟ್ಟರೆ ಅಕ್ಕನ ಗಂಡ, ಅಂದರೆ ನಮ್ಮ ಭಾವ, ತೋಳು ಮಡಚಿಕೊಂಡೇ ಒಳಗೆ ಬರುತ್ತಾರೆ. "ಈ ಸಲ ಏನು ಒತ್ತಿದೆಯಪ್ಪಾ?" ಎಂಬುದೇ ಅವರ ನಮಸ್ಕಾರ. ಕೇಳಿದ್ದಕ್ಕೆಲ್ಲ 'ಯೆಸ್' ಒತ್ತುವ ನನ್ನನ್ನು ಅವರು ಎಂದೋ ಸಾಮಾನ್ಯ ಬಳಕೆದಾರನ ದರ್ಜೆಗೆ ಇಳಿಸಿದ್ದಾರೆ. ಲಕ್ವ ಹೊಡೆದು ಮಾತು ಕಳೆದುಕೊಂಡ ಅಮ್ಮನಿಗೆ ಉಚ್ಚಾರ ಕಲಿಸುವ ತಂತ್ರಾಂಶವನ್ನು ಆಂಟಿವೈರಸ್ ವಾರಕ್ಕೊಮ್ಮೆ ಕಳ್ಳನೆಂದು ಹಿಡಿದು ಕೂರಿಸುತ್ತದೆ. ಭಾವ ವಾರಕ್ಕೊಮ್ಮೆ ಬಂದು ಬಿಡಿಸುತ್ತಾರೆ. "ಹೋಗ್ಲಿ ಬಿಡಿ ಭಾವ" ಎಂದರೆ, "ಸುಮ್ನಿರೋ, ಇವತ್ತು ಅದಾದ್ರೂ ಇರಬೇಕು, ನಾನಾದ್ರೂ ಇರಬೇಕು" ಎಂದು ಕಾಫಿ ಆರಿದರೂ ಏಳದೆ ಎಚ್ಚರಿಕೆಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ಹೋದ ವಾರ, ಕಂಪ್ಯೂಟರಿಗೆ ಏನು ಹಾಕಬೇಕಾದರೂ ಒಪ್ಪಿಗೆ ಕೊಡುವ ಅಡ್ಮಿನ್ ಅಧಿಕಾರವನ್ನೇ ಅಮ್ಮನ ಹೆಸರಿಗೆ ಮಾಡಿಬಿಟ್ಟರು: "ಅತ್ತೆ ಪರವಾಗಿ ಎಲ್ಲರೂ ತೀರ್ಮಾನ ಮಾಡಿದ್ದು ಸಾಕು. ಇನ್ಮೇಲೆ ಅವರನ್ನೇ ಕೇಳಿ." ನಾನು ಒಂದು ಆಟ ಹಾಕಿಕೊಳ್ಳಲೇ ಎಂದು ಕೇಳಿದೆ. ಅಮ್ಮ ಬಹಳ ಹೊತ್ತು ತುಟಿ ಕೂಡಿಸಿ, ಎಂಟು ತಿಂಗಳಲ್ಲಿ ಮೊದಲ ಸಲ ಸ್ಪಷ್ಟವಾಗಿ ಹೇಳಿದಳು: "ಬೇಡ."