ಜಾಲಿ ಕೊಂಬೆಯ ಹಿಂದಿನ ಕೊರಮೀನು

ಆ ಎರಡು ಕೊರಮೀನು ಹಿಡಿದವನು ನಾನು, ಯಂಕಪ್ಪಣ್ಣ. ನೀನಲ್ಲ. ನಾಲ್ಕು ವರ್ಷ ಈ ಮಾತನ್ನು ಬಾಯಲ್ಲೇ ಇಟ್ಟುಕೊಂಡು ತಿರುಗಿದ್ದೇನೆ — ಸಾಕಾಗಿದೆ.

ಬಳಗಾನೂರಿನ ಕಾಲುವೆ ಪಕ್ಕದ ಬಸಿನೀರಿನ ಹೊಂಡ. ಅಲ್ಲಿ ನನಗೆ ಗಾಳ ಹಾಕಲು ಕಲಿಸಿದವನು ನೀನೇ. ಹಟ್ಟಿ ಗಣಿಯಿಂದ ರಜೆಗೆ ಬಂದಾಗಲೆಲ್ಲ ದಂಡೆಯ ಮೇಲೆ ಕೂಡಿಸಿಕೊಂಡು ಹೇಳುತ್ತಿದ್ದೆ — ಕೊರಮೀನು ನಡುನೀರಿನಲ್ಲಿ ಇರುವುದಿಲ್ಲ, ಜೊಂಡಿನ ಬುಡದಲ್ಲಿ ಇರುತ್ತದೆ. ಉಸಿರಿಗೆ ಮೇಲೆ ಬರುತ್ತದೆ, ಗುಳ್ಳೆ ನೋಡು. ನಿನ್ನ ನೆರಳು ನೀರಿಗೆ ಬಿದ್ದರೆ ಅವತ್ತು ಮನೆಗೆ ಹೋಗು. ಇನ್ನೊಂದೂ ಹೇಳಿದ್ದೆ. ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವ ಹಾಗೆ ಕಂಡರೆ, ಕೆಳಗೆ ಗಂಡು ಹೆಣ್ಣು ಎರಡೂ ಕಾವಲು ನಿಂತಿರುತ್ತವೆ. ಆಗ ಹಸಿವಿಗಲ್ಲ, ಸಿಟ್ಟಿಗೆ ಕಚ್ಚುತ್ತವೆ. ಮರಿಗಳ ಹತ್ತಿರ ಏನು ಬಿದ್ದರೂ ಕಚ್ಚುತ್ತವೆ. ಹಿಡಿಯುವುದು ಸುಲಭ. ಅದಕ್ಕೇ ಹಿಡಿಯಬಾರದು.

ನಮ್ಮ ಹೊಂಡದ ಕಟ್ಟಳೆಯೂ ಅದೇ. ಮರಿ ಕಂಡವನು ದಂಡೆಯಲ್ಲಿ ಜಾಲಿ ಕೊಂಬೆ ನೆಡಬೇಕು. ಕೊಂಬೆ ಇರುವವರೆಗೆ ಅಲ್ಲಿ ಯಾರೂ ಗಾಳ ಹಾಕುವಂತಿಲ್ಲ.

ಆ ಸಲ ಮರಿ ಕಂಡವನು ನಾನು. ಕೊಂಬೆ ನೆಟ್ಟವನೂ ನಾನೇ. ಎಲ್ಲರೂ ದೂರ ಸರಿದರು. ರಜೆಗೆ ಬಂದಿದ್ದ ನೀನೊಬ್ಬ ದಿನಾ ಬಂದು, ಗಾಳ ಬದಿಗಿಟ್ಟು ಮರಿ ನೋಡುತ್ತ ಕೂತಿರುತ್ತಿದ್ದೆ. ಒಂದು ಮಧ್ಯಾಹ್ನ ನೀನು ಊಟಕ್ಕೆ ಎದ್ದು ಹೋದ ಮೇಲೆ ನಾನು ಗಾಳಕ್ಕೆ ಕಪ್ಪೆ ಕಟ್ಟಿ ಮರಿಗಳ ನಡುವೆ ಎಸೆದೆ. ಒಂದು ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಇನ್ನೊಮ್ಮೆ ಎಸೆದೆ — ಯಾಕೆ ಅಂದರೆ... ಆಸೆ. ಬೇರೆ ಏನೂ ಅಲ್ಲ.

ಮರುದಿನ ದಂಡೆ ತುಂಬ ಬೆಳ್ಳಕ್ಕಿ. ಕಾಯುವವರಿಲ್ಲದ ಮರಿ ಒಂದೂ ಉಳಿದಿರಲಿಲ್ಲ. ಹುಲ್ಲಿನಲ್ಲಿ ದೊಡ್ಡ ಮೀನಿನ ಹುರುಪೆ ಬಿದ್ದಿತ್ತು. ಹೊಂಡಕ್ಕೆ ಹಿರಿಯನಾದ ಅಮರಪ್ಪ ಕಾಕಾ ಎಲ್ಲರನ್ನೂ ಕೂಡಿಸಿ ಮೊದಲು ನನ್ನನ್ನೇ ಕೇಳಿದ.

"ಕೊಂಬಿ ನೆಟ್ಟಾವ ನೀ. ಯಾರರ ಆ ಕಡೆ ಹೋಗಿದ್ದು ನೋಡೀಯೇನಲೇ?"

"ಯಂಕಪ್ಪಣ್ಣ ದಿನಾ ಅಲ್ಲೇ ಕುಂದರತಿದ್ದ" ಎಂದೆ ನಾನು.

ಸುಳ್ಳಲ್ಲ ಅದು — ಅದೇ ನನ್ನ ತಲೆ ಕೆಡಿಸುವುದು. ಸುಳ್ಳಾಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು.

"ಹಟ್ಟ್ಯಾಗ ಬಂಗಾರ ಅಗದಿದ್ದು ಸಾಲಲಿಲ್ಲೇನಪಾ, ನಮ್ಮ ಮೀನಕ್ಕೂ ಕೈ ಹಾಕಿದಿ?" ಎಂದು ಕಾಕಾ ನಿನ್ನನ್ನು ಕೇಳಿದ. ಎಲ್ಲರೂ ನಕ್ಕರು. "ನಾ ಹಿಡದಿಲ್ಲ" ಎಂದು ನೀನು ಒಂದೇ ಸಲ ಹೇಳಿ ನನ್ನ ಮುಖ ನೋಡಿದೆ. ನಾನು ಗಾಳದ ದಾರದ ಗಂಟು ಬಿಡಿಸುತ್ತ ಕೂತೆ — ಗಂಟೇ ಇರಲಿಲ್ಲ. ನಿನ್ನ ಗಾಳ ಅಲ್ಲೇ ಬಿಟ್ಟು ನೀನು ಎದ್ದು ಹೋದೆ. ಮತ್ತೆ ಆ ಕಡೆ ಬರಲಿಲ್ಲ.

ಆಮೇಲೆ ಹೊಂಡದ ಕಾವಲಿಗೆ ನನ್ನನ್ನೇ ಇಟ್ಟರು. ನನ್ನನ್ನು! ಮಸ್ಕಿ, ಸಿಂಧನೂರಿನಿಂದ ಬೈಕಿನಲ್ಲಿ ಬರುವವರೂ "ಉಸ್ತಾದ, ಮೀನ ಎಲ್ಲಿ ಕುಂದರತಾವ?" ಎಂದು ತಲೆ ತಿನ್ನುತ್ತಾರೆ. ನೀನು ಹೇಳಿದ್ದನ್ನೇ ನನ್ನದು ಎನ್ನುವ ಹಾಗೆ ಹೇಳುತ್ತೇನೆ. ಪ್ರತಿ ಸಲ ಮೈ ಉರಿಯುತ್ತದೆ — ಅವರ ಮೇಲಲ್ಲ.

ನಿನ್ನೆ ಮತ್ತೆ ಕೆಂಪು ಮರಿ ಕಂಡವು. ಕಾಕಾ ಕೊಂಬೆ ಕಡಿದು ತಂದು, "ನೆಡಪಾ, ನಿನ್ನ ಕೈ ಚೊಲೋ ಐತಿ" ಎಂದು ಚಾಚಿದ.

ಆ ಕೊಂಬೆ ಹಿಡಿಯಲು ಆಗಲಿಲ್ಲ. ಎಲ್ಲರ ಮುಂದೆ ಹೇಳಿಬಿಟ್ಟೆ. ಕಾಕಾ ಕೊಂಬೆಯನ್ನು ತಾನೇ ನೆಟ್ಟು, ಕೈ ಒರೆಸಿಕೊಳ್ಳುತ್ತ ಅಂದ: "ನಮಗ್ಯಾಕ ಹೇಳತೀಲೇ? ಅವನ ಮನೀ ಹಾದಿ ಗೊತ್ತಿಲ್ಲೇನು?"

ಗೊತ್ತು. ಭಾನುವಾರ ಲಿಂಗಸುಗೂರಿನಲ್ಲಿ ಬಸ್ ಬದಲಿಸಿ ಹಟ್ಟಿಗೆ ಬರುತ್ತೇನೆ. ನೀನು ಬಿಟ್ಟುಹೋದ ಗಾಳ ನನ್ನ ಹತ್ತಿರ ಇದೆ, ತರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನ್ನ ಇಷ್ಟ. ತೆಗೆಯದಿದ್ದರೆ ಹೊರಗೇ ನಿಂತು ಹೇಳುತ್ತೇನೆ — ಗಟ್ಟಿಯಾಗಿ, ಆ ಗಣಿಯ ಸಾಲುಮನೆಗಳಿಗೆಲ್ಲ ಕೇಳುವ ಹಾಗೆ. ನಿನ್ನ ಹೆಸರು ಕೆಡಿಸಿದ್ದೂ ಜನರ ಮುಂದೆಯೇ.